ಅಗ್ನಿಶಿಖೆ ಬಳ್ಳಿ ಕೈಕೊಟ್ಟಾಗ: ಎರೆ ನೆಲದವರಿಗೆ ದೋಷ ನಿವಾರಣೆ ಕೈಪಿಡಿ

ಅಗ್ನಿಶಿಖೆಯ ಎಲೆ ಹಳದಿಯಾಯಿತು ಎಂದರೆ ಮೊದಲು ಕೇಳಬೇಕಾದ ಪ್ರಶ್ನೆ: ಈಗ ಯಾವ ತಿಂಗಳು? ಆಗಸ್ಟ್‌ನಲ್ಲಿ ಹಳದಿಯಾದರೆ ಅದು ಮಣ್ಣಿನ ದೋಷ ಇಲ್ಲವೇ ರೋಗ. ದೀಪಾವಳಿ ಹೊತ್ತಿಗೆ ಹಳದಿಯಾದರೆ ಬಳ್ಳಿ ವರ್ಷದ ಕೆಲಸ ಮುಗಿಸಿ ಗಡ್ಡೆಗೆ ಇಳಿಯುತ್ತಿದೆ ಎಂದರ್ಥ. ಆಗ ಔಷಧವೂ ಬೇಡ, ಗೊಬ್ಬರವೂ ಬೇಡ, ನೀರಂತೂ ಬೇಡವೇ ಬೇಡ. ಕಲಬುರಗಿ, ಬೀದರ್, ಯಾದಗಿರಿ ಕಡೆ ಈ ಬಳ್ಳಿ ಸಾಯುವುದು ಹೆಚ್ಚಾಗಿ ಹುಳದಿಂದಲೂ ಅಲ್ಲ, ಬಿಸಿಲಿನಿಂದಲೂ ಅಲ್ಲ. ಎರೆ ಮಣ್ಣಿನಲ್ಲಿ ನೀರು ನಿಂತು ಗಡ್ಡೆ ಕೊಳೆಯುವುದರಿಂದ. ಹಾಗಾಗಿ ಮೇಲೆ ಏನು ಕಂಡರೂ ಸಿಂಪರಣೆಯ ಪಂಪು ಹೊರತೆಗೆಯುವ ಮೊದಲು ಬುಡದ ಮಣ್ಣು ಸರಿಸಿ ನೋಡುವುದು ಒಳ್ಳೆಯದು.

ನೋಡುವ ಮುನ್ನ ಕೈಗವಸು ಹಾಕಿಕೊಳ್ಳಿ. ಈ ಗಿಡದ ಪ್ರತಿಯೊಂದು ಭಾಗದಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ. ಗಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಬೇಯಿಸಿದರೂ ಅದು ಹೋಗುವುದಿಲ್ಲ. ಗೆಣಸೆಂದು ತಿಳಿದು ಗಡ್ಡೆ ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗುತ್ತದೆ, ಮುಂದೆ ಮೂತ್ರಪಿಂಡ, ಎಲುಬಿನ ಮಜ್ಜೆಯವರೆಗೂ ಏಟು ಬೀಳುತ್ತದೆ. ಯಾರಾದರೂ ತಿಂದಿದ್ದರೆ ಮನೆಮದ್ದು ಮಾಡುತ್ತ ಕೂರದೆ ಗಡ್ಡೆಯ ಉಳಿದ ತುಂಡನ್ನೂ ಜೊತೆಗೊಯ್ದು ನೇರ ಆಸ್ಪತ್ರೆಗೆ ಹೋಗಬೇಕು. ಅಂಗಳದಲ್ಲಿ ಆಡುವ ಸಣ್ಣ ಮಕ್ಕಳು, ಕಟ್ಟಿಹಾಕದ ಆಡು ಇರುವ ಮನೆಯಲ್ಲಿ ಈ ಗಿಡ ಬೆಳೆಸಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲಿಗೆ, ಇದು ಅದೇ ಗಿಡವೇ?

ದೋಷ ಹುಡುಕುವವರಲ್ಲಿ ಕೆಲವರ ಕೈಯಲ್ಲಿ ಅಗ್ನಿಶಿಖೆಯೇ ಇರುವುದಿಲ್ಲ. ಗೌರಿ ಹಬ್ಬದ ಸುಮಾರಿಗೆ ಅರಳುವುದರಿಂದ ಇದನ್ನು ಗೌರಿ ಹೂ ಎಂದೂ ಕರೆಯುತ್ತಾರೆ. ಆದರೆ ಕೆಲವೆಡೆ ಕರ್ಣಕುಂಡಲಕ್ಕೂ ಇದೇ ಹೆಸರು. ನರ್ಸರಿಯಲ್ಲಿ ಗೌರಿ ಹೂವಿನ ಬೀಜ ಕೇಳಿ ತಂದರೆ ನೆಟ್ಟಗೆ ನಿಲ್ಲುವ, ರಸಭರಿತ ದಂಟಿನ ಪುಟ್ಟ ಗಿಡ ಬಂದೀತು. ಅದು ಬಳ್ಳಿಯಾಗುವುದಿಲ್ಲ ಎಂದು ಕೊರಗಿ ಫಲವಿಲ್ಲ. ಕೋಳಿಕುಟುಮ ಎಂಬ ಹೆಸರೂ ಅಗ್ನಿಶಿಖೆಗುಂಟು. ಸಂದೇಹವಿದ್ದರೆ ಗ್ಲೋರಿಯೋಸಾ ಸುಪರ್ಬಾ ಎಂದೇ ಕೇಳಿ. ನರ್ಸರಿಗಳಲ್ಲಿ ರಾತ್ಸ್‌ಚೈಲ್ಡಿಯಾನಾ ಎಂಬ ಹೆಸರಿನಲ್ಲಿ ಸಿಗುವ ದೊಡ್ಡ ಹೂವಿನದೂ ಇದೇ ಜಾತಿಯದು. ಆರೈಕೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಗುರುತು ಎಲೆಯ ತುದಿಯಲ್ಲಿದೆ. ಎಲೆಗೆ ತೊಟ್ಟಿಲ್ಲ, ನರಗಳು ಉದ್ದಕ್ಕೆ ಸಮಾನಾಂತರ, ತುದಿ ಕಿರಿದಾಗುತ್ತ ಹೋಗಿ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ. ಬಳ್ಳಿಗೆ ಬೇರೆ ಕುಡಿಬಳ್ಳಿ ಇಲ್ಲ. ಈ ಸುರುಳಿಯೇ ಹಿಡಿಕೆ. ಎಳೆ ಮೊಳಕೆಯ ಕೆಳಗಿನ ನಾಲ್ಕಾರು ಎಲೆಗಳಲ್ಲಿ ಸುರುಳಿ ಇರದಿರಬಹುದು. ಈ ಹಂತದಲ್ಲೇ ಕಳೆ ಕೀಳುವವರು ಇದನ್ನು ನೀಲಿ ಹೂವಿನ ಕನ್ನೆ ಸೊಪ್ಪೆಂದು ಕಿತ್ತೆಸೆಯುತ್ತಾರೆ. ಕನ್ನೆ ಸೊಪ್ಪಿನ ಎಲೆಯ ಬುಡ ದಂಟನ್ನು ಕೊಳವೆಯಾಗಿ ಸುತ್ತಿರುತ್ತದೆ, ಅಗ್ನಿಶಿಖೆಯಲ್ಲಿ ಆ ಕೊಳವೆ ಇಲ್ಲ. ಕಾಡುಗೆಣಸಿನ ಬಳ್ಳಿಯಾದರೆ ಎಲೆ ಹೃದಯಾಕಾರ, ಉದ್ದ ತೊಟ್ಟು, ನರಗಳ ನಡುವೆ ಬಲೆ. ಗಡ್ಡೆಯನ್ನೇ ನೋಡುವುದಾದರೆ ಅಗ್ನಿಶಿಖೆಯದು ನೇಗಿಲಿನಂತೆ ಬಾಗಿದ ಎರಡು ತೋಳಿನದು, ನಯವಾದ ತೆಳು ಸಿಪ್ಪೆ, ಮುರಿದರೆ ಒಳಗೆ ಬಿಳುಪು.

ಹೂವಿಗೆ ಬಂದ ಮೇಲೆ ಗೊಂದಲವೇ ಇಲ್ಲ. ಅಂಚು ಅಲೆಅಲೆಯಾದ ಆರು ದಳಗಳು ಹಿಂದಕ್ಕೆ ಮೇಲ್ಮುಖವಾಗಿ ಬಾಗಿರುತ್ತವೆ. ಆರು ಕೇಸರಗಳು ಸುತ್ತ ಚಾಚಿರುತ್ತವೆ. ಶಲಾಕೆ, ಅಂದರೆ ನಡುವಿನ ಹೆಣ್ಣು ಭಾಗದ ಕಡ್ಡಿ, ಬುಡದಲ್ಲೇ ಮಡಚಿ ಒಂದು ಪಕ್ಕಕ್ಕೆ ಹೊರಳಿರುತ್ತದೆ. ಹೂ ಬಿಡುವಾಗ ಹಸಿರು ಮಿಶ್ರಿತ ಹಳದಿ, ಆಮೇಲೆ ಕೆಳಗೆ ಹಳದಿ ತುದಿಗೆ ಕೆಂಪು, ಕೊನೆಗೆ ಪೂರ್ತಿ ಕಡುಗೆಂಪು. ಒಂದೇ ಬಳ್ಳಿಯಲ್ಲಿ ಮೂರು ಬಣ್ಣ ಕಂಡು ತಳಿ ಬೆರಕೆಯಾಗಿದೆ ಎಂದುಕೊಳ್ಳಬೇಡಿ, ಅದು ಹೂವಿನ ವಯಸ್ಸು.

ಗಡ್ಡೆ ನೆಟ್ಟು ತಿಂಗಳಾಯಿತು, ಮೊಳಕೆ ಇಲ್ಲ

ಇದಕ್ಕೆ ಕಾರಣ ಸಾಮಾನ್ಯವಾಗಿ ನೆಡುವ ಮೊದಲೇ ನಡೆದುಹೋಗಿರುತ್ತದೆ. ಗಡ್ಡೆಯ ಒಂದೊಂದು ತೋಳಿನ ತುದಿಯಲ್ಲಿ ಒಂದೊಂದೇ ಮೊಳಕೆ ಕಣ್ಣು. ಆಲೂಗಡ್ಡೆಯ ಹಾಗೆ ಮೈತುಂಬ ಕಣ್ಣುಗಳಿಲ್ಲ. ಮೇಲಾಗಿ ಗಡ್ಡೆ ತೀರ ಬಿರುಸು: ಪಾರ್ಸೆಲ್‌ನಲ್ಲಿ ಬರುವಾಗ, ಚೀಲದಿಂದ ಸುರಿಯುವಾಗ ತುದಿ ಚಟ್ಟನೆ ಮುರಿಯುತ್ತದೆ. ತುದಿ ಮುರಿದ ತೋಳು ಎಷ್ಟೇ ದಪ್ಪವಿದ್ದರೂ ಮೊಳೆಯುವುದಿಲ್ಲ ಎಂದೇ ಲೆಕ್ಕ ಹಿಡಿಯಿರಿ. ಕೊಳ್ಳುವಾಗ ತೂಕ ನೋಡುವ ಮೊದಲು ತುದಿ ನೋಡಿ: ಮೊನಚಾಗಿ, ತಿಳಿ ಬಣ್ಣದ ಪುಟ್ಟ ಉಬ್ಬು ಇರಬೇಕು. ಒಂದು ಗಡ್ಡೆಯನ್ನು ಎರಡು ಮಾಡುವ ಆಸೆಯಿದ್ದರೆ ಬಾಗಿದ ಜಾಗದಲ್ಲಷ್ಟೇ ಕತ್ತರಿಸಬೇಕು, ಆಗ ಎರಡೂ ತೋಳಿಗೆ ತನ್ನ ಕಣ್ಣು ಉಳಿಯುತ್ತದೆ. ಕತ್ತರಿಸಿದ ಬಾಯಿ ನೆರಳಲ್ಲಿ ಎರಡು ಮೂರು ದಿನ ಒಣಗಲಿ.

ಎರಡನೆಯ ಕಾರಣ ಕಾಲ. ಜನವರಿ, ಫೆಬ್ರವರಿಯಲ್ಲಿ ನೆಟ್ಟು ನೀರು ಹಾಕುತ್ತ ಬಂದರೆ ನಿದ್ದೆಯಲ್ಲಿರುವ ಗಡ್ಡೆ ಒದ್ದೆ ಮಣ್ಣಿನಲ್ಲಿ ಕೊಳೆಯುತ್ತದೆ. ರೋಹಿಣಿ ಮಳೆಗೂ ಆರಿದ್ರಾ ಮಳೆಗೂ ನಡುವೆ, ಅಂದರೆ ಮೇ ಕೊನೆಯಿಂದ ಜೂನ್ ಕೊನೆಯವರೆಗೆ ನೆಡುವುದು ನಮ್ಮ ಕಡೆಗೆ ಸರಿಹೊಂದುತ್ತದೆ. ಮಿರಗದ (ಮೃಗಶಿರಾ) ಮೊದಲ ಮಳೆ ಬಿದ್ದು ಆಮೇಲೆ ಎರಡು ವಾರ ಆಕಾಶ ಬೋಳಾಗುವುದು ಈ ಜಿಲ್ಲೆಗಳಲ್ಲಿ ಹೊಸದಲ್ಲ. ಆ ಬಿಡುವಿನಲ್ಲಿ ಮಣ್ಣು ಬರೀ ತೇವವಿರುವಷ್ಟು ನೀರು ಕೊಡಿ. ಗಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಮೇಲೆ 6ರಿಂದ 8 ಸೆಂ.ಮೀ. ಮಣ್ಣು ಬರಬೇಕು. ಎರೆ ಮಣ್ಣಿನಲ್ಲಿ 15 ಸೆಂ.ಮೀ. ಆಳಕ್ಕೆ ಇಟ್ಟರೆ ಹೆಪ್ಪುಗಟ್ಟಿದ ಮೇಲ್ಪದರ ಒಡೆದು ಮೊಳಕೆ ಮೇಲೆ ಬರಲಾರದು.

ಮೊಳಕೆಗೆ ಎರಡರಿಂದ ನಾಲ್ಕು ವಾರ ಬೇಕು, ಕೆಲವೊಮ್ಮೆ ಇನ್ನೂ ತಡ. ತಾಳ್ಮೆಗೆಟ್ಟು ಕೆದಕಿ ನೋಡುವುದಾದರೆ ಖುರ್ಪಿ ಬೇಡ, ಬೆರಳೇ ಸಾಕು. ಗಡ್ಡೆ ಗಟ್ಟಿಯಿದ್ದು ತುದಿ ಉಬ್ಬಿದ್ದರೆ ಮಣ್ಣು ಮುಚ್ಚಿ ಜುಲೈ ಕೊನೆಯವರೆಗೆ ಕಾಯಿರಿ. ಒತ್ತಿದರೆ ಮೆತ್ತಗಾಗಿ ವಾಸನೆ ಬಂದರೆ ಕಥೆ ಮುಗಿದಿದೆ.

ಮಳೆಗಾಲದ ನಡುವೆ ಎಲೆ ಹಳದಿ

ಯಾವ ಎಲೆ ಹಳದಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ತುದಿಯ ಎಳೆ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣಾಂಶದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಸುಣ್ಣ ಹೆಚ್ಚಿರುವ ನೆಲದಲ್ಲಿ ಬೇರಿಗೆ ಅದು ಸಿಗುವುದಿಲ್ಲ. ಅಗ್ನಿಶಿಖೆಗೆ ಹಿತವಾದ ರಸಸಾರ (pH) 6ರಿಂದ 7. ಸೇಡಂ, ಚಿತ್ತಾಪುರ, ಶಹಾಬಾದ ಕಡೆಯ ಸುಣ್ಣಕಲ್ಲಿನ ಮೇಲಿನ ಎರೆ ಮಣ್ಣು ಇದಕ್ಕಿಂತ ಮೇಲೆಯೇ ಇರುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು: ಒಂದು ಚಮಚ ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ. ಚುರುಚುರು ನೊರೆ ಎದ್ದರೆ ಬಿಡಿ ಸುಣ್ಣ ಇದೆ. ಅಂಥ ಮಣ್ಣಿಗೆ ಒಲೆಯ ಬೂದಿ ಹಾಕುವುದು ಗಾಯಕ್ಕೆ ಉಪ್ಪು ಸವರಿದಂತೆ. ಬೂದಿ ರಸಸಾರವನ್ನು ಇನ್ನೂ ಏರಿಸುತ್ತದೆ.

ತುರ್ತು ಉಪಾಯವೆಂದರೆ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸುವುದು. ದ್ರಾವಣ ಆಗಿಂದಾಗಲೇ ಮಾಡಿಕೊಳ್ಳಬೇಕು. ಇಟ್ಟರೆ ತುಕ್ಕು ಬಣ್ಣಕ್ಕೆ ತಿರುಗಿ ಕೆಲಸಕ್ಕೆ ಬಾರದು. ಎಂಟು ಹತ್ತು ದಿನ ಬಿಟ್ಟು ಮತ್ತೊಮ್ಮೆ. ಹೊಸ ಎಲೆ ಹಸಿರಾಗಿ ಬಂದರೆ ನಿದಾನ ಸರಿ ಎಂದರ್ಥ, ಹಳೆಯ ಹಳದಿ ಎಲೆಗಳು ಪೂರ್ತಿ ಹಸಿರಾಗದಿರಬಹುದು. ಬುಡಕ್ಕೇ ಹಾಕುವ ಕಬ್ಬಿಣದ ಚೀಲೇಟ್ (ಕಬ್ಬಿಣವನ್ನು ಬೇರಿಗೆ ಸಿಗುವಂತೆ ಹಿಡಿದಿಡುವ ಸಂಯುಕ್ತ) ಕೊಳ್ಳುವುದಾದರೆ ಪೊಟ್ಟಣದ ಮೇಲೆ ಇಡಿಡಿಎಚ್ಎ ಎಂದಿರುವುದನ್ನೇ ಆರಿಸಿ. ಅಗ್ಗಕ್ಕೆ ಸಿಗುವ ಇಡಿಟಿಎ ಸುಣ್ಣದ ಮಣ್ಣಿನಲ್ಲಿ ಬೇಗ ಒಡೆದುಹೋಗುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಬೋರ್‌ವೆಲ್ ನೀರಿನ ಗಡಸುತನವೂ ಪಾಲುದಾರ. ಮಾಳಿಗೆಯ ಮಳೆನೀರನ್ನು ಒಂದು ಡ್ರಮ್ ಹಿಡಿದಿಟ್ಟರೆ ನಾಲ್ಕೈದು ಕುಂಡಗಳ ಸಮಸ್ಯೆ ಅರ್ಧ ತೀರುತ್ತದೆ.

ಬುಡದ ಹಳೆ ಎಲೆ ಒಂದೇ ಸಮನೆ ತಿಳಿ ಹಳದಿಯಾಗಿ ಬಳ್ಳಿ ಸೊರಗಿದ್ದರೆ ಸಾರಜನಕದ ಹಸಿವು. ಬೀದರಿನ ಜಂಬಿಟ್ಟಿಗೆ ಕೆಮ್ಮಣ್ಣಿನಲ್ಲಿ, ಗುರುಮಠಕಲ್ ಕಡೆಯ ಮಸಾರಿ ನೆಲದಲ್ಲಿ ಇದು ಹೆಚ್ಚು. ಬುಡದಿಂದ ಒಂದು ಗೇಣು ದೂರಕ್ಕೆ ಎರಡು ಹಿಡಿ ಎರೆಹುಳು ಗೊಬ್ಬರ ಹಾಕಿ ಮಣ್ಣು ಮುಚ್ಚಿದರೆ ಸಾಕು.

ಮೇಲೂ ಕೆಳಗೂ ಎಲೆ ಹಳದಿಯಾಗಿ ಜೋತುಬಿದ್ದಿದ್ದು ಮಣ್ಣು ಮಾತ್ರ ಒದ್ದೆಯಿದ್ದರೆ ನೀರು ಹಾಕಬೇಡಿ. ಅದು ಮುಂದಿನ ಭಾಗದ ವಿಷಯ.

ನಿಂತ ಬಳ್ಳಿ ಕುಸಿಯುವುದು

ಬುಡದ ದಂಟು ಮಣ್ಣಿಗೆ ತಾಗುವಲ್ಲಿ ಕಂದಾಗಿ ಮೆತ್ತಗಾಗಿದೆಯೇ? ಅಲ್ಲಿ ಬಿಳಿ ನೂಲಿನ ಶಿಲೀಂಧ್ರವೂ ಸಾಸಿವೆ ಗಾತ್ರದ ಕಂದು ಕಾಳುಗಳೂ ಕಂಡರೆ ಸ್ಕ್ಲೆರೋಷಿಯಂ ಕೊಳೆ. ಕಾಳು ಕಾಣದೆ ಗಡ್ಡೆಯೇ ಒಳಗೊಳಗೆ ಕರಗಿದ್ದರೆ ನೀರು ನಿಂತದ್ದೇ ಮೂಲ ಕಾರಣ, ಶಿಲೀಂಧ್ರ ಆಮೇಲಿನ ಅತಿಥಿ. ಕುಸಿದ ಬಳ್ಳಿಯನ್ನು ಉಳಿಸುವ ಔಷಧಿಯಿಲ್ಲ. ಅದನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು ಹೊರಗೆ ಹಾಕಿ, ಪಕ್ಕದ ಬಳ್ಳಿಗಳ ಬುಡಕ್ಕೆ ಲೀಟರಿಗೆ 2 ಗ್ರಾಂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಬೆರೆಸಿ ಸುರಿಯಿರಿ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಾಕಿದ್ದ ಕುಂಡಕ್ಕೆ ಇದನ್ನು ಸುರಿದರೆ ಅದೂ ಸಾಯುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಎರೆ ನೆಲದಲ್ಲಿ ಬಹಳ ಮಂದಿ ಮಾಡುವ ಕೆಲಸ ಒಂದಿದೆ: ಎರಡಡಿ ಗುಂಡಿ ತೋಡಿ, ಕೆಮ್ಮಣ್ಣು, ಮರಳು, ಗೊಬ್ಬರ ತುಂಬಿ ಅದರಲ್ಲಿ ಗಡ್ಡೆ ನೆಡುವುದು. ನೋಡಲು ಸರಿಯೆನಿಸುತ್ತದೆ. ಆದರೆ ಸುತ್ತಲಿನ ಎರೆ ಮಣ್ಣು ನೆನೆದು ಉಬ್ಬಿದ ಮೇಲೆ ನೀರು ಪಕ್ಕಕ್ಕೂ ಹೋಗದು, ಕೆಳಕ್ಕೂ ಇಳಿಯದು. ಸಡಿಲ ಮಣ್ಣಿನ ಗುಂಡಿಯೇ ತೊಟ್ಟಿಯಾಗಿ ಸುತ್ತಲಿನ ನೀರೆಲ್ಲ ಅಲ್ಲಿ ಬಂದು ನಿಲ್ಲುತ್ತದೆ. ಗುಂಡಿ ತೋಡದೆ ಅದೇ ಮಿಶ್ರಣವನ್ನು ನೆಲದ ಮೇಲೆ 30ರಿಂದ 40 ಸೆಂ.ಮೀ. ಎತ್ತರದ ಮಡಿ ಮಾಡಿ ನೆಡಿ. ನಿಮ್ಮ ನೆಲ ಹೇಗಿದೆ ಎಂದು ತಿಳಿಯಲು ಒಂದಡಿ ಗುಂಡಿಗೆ ನೀರು ತುಂಬಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಅಳೆಯಿರಿ. ಗಂಟೆಗೆ 2–3 ಸೆಂ.ಮೀ. ಕೂಡ ಇಳಿಯದಿದ್ದರೆ ಮಡಿ ಇಲ್ಲವೇ ಕುಂಡ, ಮೂರನೆಯ ದಾರಿ ಇಲ್ಲ. ಶಹಾಪುರ, ಸುರಪುರದ ಕಾಲುವೆ ನೀರಾವರಿಯ ಪಕ್ಕದ ಮನೆಗಳಲ್ಲಿ ಮಳೆ ಇಲ್ಲದಾಗಲೂ ಅಂತರ್ಜಲ ಮೇಲೆ ಇರಬಹುದು, ಅಲ್ಲಿ ಕುಂಡವೇ ವಾಸಿ.

ಕುಂಡವೆಂದರೆ ಬಾಯಿಯೂ ಆಳವೂ 30 ಸೆಂ.ಮೀ. ಇರಬೇಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಕುಂಡದಲ್ಲೂ ಗಡ್ಡೆ ಕೊಳೆತರೆ ಕುಂಡವನ್ನು ಎತ್ತಿ ತಳ ನೋಡಿ. ಅಂಗಳಕ್ಕೆ ಫರ್ಸಿ ಹಾಸಿದ ಮನೆಗಳಲ್ಲಿ ಸಪಾಟು ತಳದ ಕುಂಡ ಕಲ್ಲಿಗೆ ಅಂಟಿಕೊಂಡಂತೆ ಕೂತು ರಂಧ್ರ ಪೂರ್ತಿ ಮುಚ್ಚಿಹೋಗಿರುತ್ತದೆ. ಎತ್ತಿದರೆ ಕಲ್ಲಿನ ಮೇಲೆ ಕುಂಡದ ಗಾತ್ರದ ಒದ್ದೆ ವೃತ್ತ, ಅದರ ಮಧ್ಯೆ ರಂಧ್ರದಿಂದ ಇಳಿದ ಕೆಸರಿನ ಬಿಲ್ಲೆ. ಮೂರು ಇಟ್ಟಿಗೆ ಚೂರುಗಳ ಮೇಲೆ ಕುಂಡ ಕೂರಿಸಿದರೆ ಈ ದೋಷ ಅಷ್ಟಕ್ಕೇ ಪರಿಹಾರ. ಬಿಸಿಲಿಗೆ ಕಾದ ಫರ್ಸಿಯ ಝಳವೂ ತಪ್ಪುತ್ತದೆ.

ರಾತ್ರೋರಾತ್ರಿ ಎಲೆ ಮಾಯ

ಕಪ್ಪು ಮೈ, ಬಿಳಿ ಚುಕ್ಕೆ, ಕೆಂಪು ಮಚ್ಚೆಗಳ ಹುಳುಗಳು ಗುಂಪಾಗಿ ಎಲೆ, ಮೊಗ್ಗು, ಎಳೆ ದಂಟು ತಿನ್ನುತ್ತಿದ್ದರೆ ಅದು ಲಿಲ್ಲಿ ಪತಂಗದ ಮರಿ. ಈ ಗಿಡದ ವಿಷ ಅದಕ್ಕೆ ತಾಗದು. ಎಲೆಯ ಅಡಿಯಲ್ಲಿ ಗುಂಪಾಗಿ ಇಟ್ಟ ಮೊಟ್ಟೆಯಿರುವ ಎಲೆಯನ್ನೇ ಕಿತ್ತು ಸೋಪಿನ ನೀರಿಗೆ ಹಾಕಿ. ನಾಲ್ಕಾರು ಬಳ್ಳಿಗೆ ಕೈಯಿಂದ ಆರಿಸುವುದಕ್ಕಿಂತ ಮಿಗಿಲಾದ ಔಷಧವಿಲ್ಲ. ಹೆಚ್ಚಿದ್ದರೆ ಬೇವಿನ ಬೀಜದ 5 ಶೇಕಡಾ ಕಷಾಯ: 50 ಗ್ರಾಂ ಬೀಜದ ತಿರುಳಿನ ಪುಡಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಸೋಸಿ, ಚೂರು ಸೋಪು ಸೇರಿಸಿ ಸಂಜೆ ಸಿಂಪಡಿಸಿ. ತೆಗೆದರೂ ಮತ್ತೆ ಮತ್ತೆ ಬರುತ್ತಿದ್ದರೆ ಅಂಗಳದ ಸ್ಪೈಡರ್ ಲಿಲ್ಲಿ, ವಿಷಮೂಂಗಿಲಿ (ಕ್ರೈನಮ್) ಗಿಡಗಳನ್ನು ನೋಡಿ. ಹುಳ ಅವುಗಳ ಮೇಲೂ ಬೆಳೆಯುತ್ತದೆ.

ಎಲೆಯಲ್ಲಿ ತೂತಿಲ್ಲದೆ ಕಂದು ಮಚ್ಚೆ ಮೂಡಿ ಒಂದಕ್ಕೊಂದು ಕೂಡಿ ಎಲೆ ಸುಟ್ಟಂತಾದರೆ ಅದು ಅಂಗಮಾರಿ. ಮೋಡ ಮುಸುಕಿದ ವಾರಗಳಲ್ಲಿ ಬರುತ್ತದೆ. ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಶಿಲೀಂಧ್ರನಾಶಕ ಸಿಂಪಡಿಸಿದರೆ ಸಾಕು.

ಬಳ್ಳಿ ಹುಲುಸು, ಹೂವಿಲ್ಲ

ಗಡ್ಡೆಯ ತೂಕವೇ ಮೊದಲ ಸಂಶಯ. ಬೇಸಾಯಕ್ಕೆ 50–60 ಗ್ರಾಂ ಗಡ್ಡೆಯನ್ನು ಆರಿಸುವುದು ಸುಮ್ಮನೆ ಅಲ್ಲ. ಬೆರಳು ಗಾತ್ರದ ಗಡ್ಡೆ ಆ ವರ್ಷ ಬರೀ ಎಲೆ ಬಿಟ್ಟು ತನ್ನ ಮೈ ಬೆಳೆಸಿಕೊಳ್ಳುತ್ತದೆ. ಬೀಜದಿಂದ ಬೆಳೆಸಿದ್ದಾದರೆ ಹೂವಿಗೆ ಮೂರು ನಾಲ್ಕು ವರ್ಷ ಕಾಯಬೇಕು, ಅದು ದೋಷವೇ ಅಲ್ಲ.

ಗಡ್ಡೆ ದೊಡ್ಡದಿದ್ದೂ ಹೂವಿಲ್ಲವೆಂದರೆ ಬಿಸಿಲು ಎಷ್ಟು ತಾಸು ಬೀಳುತ್ತದೆ ಲೆಕ್ಕ ಹಾಕಿ. ಐದಾರು ತಾಸು ಬೇಕೇ ಬೇಕು. ಬುಡ ಮಾತ್ರ ತಂಪಾಗಿರಲಿ, ಒಣ ಹುಲ್ಲು ಹಾಸಿದರೆ ಆಯಿತು. ಯೂರಿಯಾ ಹಾಕಿದ್ದರೆ ನಿಲ್ಲಿಸಿ.

ಕೊನೆಯ ಕಾರಣ ಆಸರೆ, ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಎಲೆ ತುದಿಯ ಸುರುಳಿ ಪೆನ್ಸಿಲ್‌ಗಿಂತ ದಪ್ಪನೆಯದನ್ನು ಹಿಡಿಯಲಾರದು. ಕಬ್ಬಿಣದ ಪೈಪು, ಬಿದಿರು ಗಳ, ಗೋಡೆ ಯಾವುದೂ ಕೆಲಸಕ್ಕೆ ಬಾರದು. ಹಿಡಿತ ಸಿಗದ ಬಳ್ಳಿ ನೆಲಕ್ಕೆ ಬಿದ್ದು, ಗಾಳಿಗೆ ತುದಿ ಮುರಿದುಕೊಳ್ಳುತ್ತದೆ; ಹೂ ಬರುವುದು ಬಳ್ಳಿಯ ಮೇಲ್ಭಾಗದಲ್ಲೇ. ಬುಡದ ಹತ್ತಿರವೇ ಮುರಿದರೆ ಸಾಮಾನ್ಯವಾಗಿ ಆ ವರ್ಷ ಮತ್ತೆ ಚಿಗುರುವುದಿಲ್ಲ. ಇದಕ್ಕೆ ಬೇಕಾದ ಸಾಮಾನು ನಮ್ಮ ಜಿಲ್ಲೆಗಳಲ್ಲಿ ಪುಕ್ಕಟೆ ಸಿಗುತ್ತದೆ: ರೆಂಬೆ ಸಮೇತ ಒಣಗಿದ ತೊಗರಿ ಕಟ್ಟಿಗೆ. ಮೂರು ನಾಲ್ಕನ್ನು ನೆಡುವ ದಿನವೇ ಚುಚ್ಚಿಡಿ. ಮೊಳಕೆ ಬಂದ ಮೇಲೆ ಚುಚ್ಚಿದರೆ ಗಡ್ಡೆಗೇ ತಾಗುವ ಅಪಾಯ. ಐದಾರು ಅಡಿಯ ಮೇಲಕ್ಕೆ ಹುರಿ ಕಟ್ಟಿದರೆ ಬಳ್ಳಿ ಅದನ್ನು ಹಿಡಿದು ಏರುತ್ತದೆ.

ಹೂವುಂಟು, ಕಾಯಿಲ್ಲ

ಬರೀ ಅಂದಕ್ಕೆ ಬೆಳೆಸುವವರಿಗೆ ಇದು ಲಾಭವೇ. ಕಾಯಿ ಕಟ್ಟದಿದ್ದರೆ ಗಡ್ಡೆಗೆ ಶಕ್ತಿ ಉಳಿಯುತ್ತದೆ, ವಿಷದ ಬೀಜವೂ ಅಂಗಳದಲ್ಲಿ ಉದುರುವುದಿಲ್ಲ. ಬೀಜ ಬೇಕೇ ಬೇಕೆಂದರೆ ಕಾರಣ ಹೂವಿನ ರಚನೆಯಲ್ಲಿದೆ: ಶಲಾಕೆ ಪಕ್ಕಕ್ಕೆ ಹೊರಳಿರುವುದರಿಂದ ಪರಾಗ ತಾನಾಗಿ ಶಲಾಕಾಗ್ರಕ್ಕೆ ಬೀಳುವುದು ಅಪರೂಪ. ಚಿಟ್ಟೆ, ಜೇನು ಬಾರದ ಕಾಲೋನಿಗಳಲ್ಲಿ ಬೆಳಿಗ್ಗೆ 8ರಿಂದ 11ರೊಳಗೆ ಒಂದು ಹೂವಿನ ಪರಾಗವನ್ನು ಮೆತ್ತನೆಯ ಕುಂಚದಿಂದ ಬೇರೆ ಬಳ್ಳಿಯ ಹೂವಿನ ಶಲಾಕೆಯ ತುದಿಗೆ ಸವರಿ. ಆ ದಿನಗಳಲ್ಲಿ ಕೀಟನಾಶಕ ಬೇಡ.

ಒಣಗಿದ ಮೇಲೆ

ಹಸ್ತ, ಚಿತ್ತಿ ಮಳೆ ಮುಗಿದು ಬಳ್ಳಿ ಬುಡದಿಂದ ಒಣಗುತ್ತ ಬಂದಾಗ ನೀರು ನಿಲ್ಲಿಸಿ, ಪೂರ್ತಿ ಕಂದಾಗುವವರೆಗೆ ಕತ್ತರಿಸಬೇಡಿ. ಹಸಿರು ಇರುವಷ್ಟು ದಿನವೂ ಗಡ್ಡೆಗೆ ಊಟ ಇಳಿಯುತ್ತಿರುತ್ತದೆ. ಬೀದರಿನ ಕೆಂಪು ನೆಲದಲ್ಲಿ ಗಡ್ಡೆಯನ್ನು ಅಲ್ಲೇ ಬಿಡಬಹುದು, ಕಡ್ಡಿ ನೆಟ್ಟು ಗುರುತು ಮಾಡಿದರೆ ಸಾಕು. ಎರೆ ನೆಲದಲ್ಲಿ ಮಾತ್ರ ಬೇಸಿಗೆಗೆ ಬಿರುಕು ಬಿಟ್ಟು ಗಡ್ಡೆ ಬಿಸಿಲು ಕಾಣುತ್ತದೆ, ಇಲ್ಲವೇ ಬಿರುಕಿನ ಎಳೆತಕ್ಕೆ ತುಂಡಾಗುತ್ತದೆ. ಅಲ್ಲಿ ಬಳ್ಳಿ ಒಣಗಿ ತಿಂಗಳಾದ ಮೇಲೆ, ಬುಡದಿಂದ ಒಂದಡಿ ದೂರದಿಂದ ಅಗೆಯುತ್ತ ಬಂದು ಕೈಯಿಂದಲೇ ಬಿಡಿಸಿ. ತೊಳೆಯಬೇಡಿ. ಒಣ ಮರಳು ತುಂಬಿದ ಮಣ್ಣಿನ ಪಾತ್ರೆಯಲ್ಲಿ ಒಂದಕ್ಕೊಂದು ತಾಗದಂತೆ ಮಲಗಿಸಿ, ನೆರಳಿನ ಕೋಣೆಯಲ್ಲಿಡಿ. ಮೇಲೆ ಕಡ್ಡಾಯವಾಗಿ ‘ವಿಷ’ ಎಂದು ಬರೆದ ಚೀಟಿ ಅಂಟಿಸಿ. ಉಳ್ಳಾಗಡ್ಡಿ, ಗೆಣಸು ಇಡುವ ಜಾಗದ ಹತ್ತಿರವೂ ಬೇಡ. ಮೇ ಮೂರನೆಯ ವಾರದಲ್ಲಿ ತೆಗೆದು ನೋಡಿದಾಗ ಸ್ವಲ್ಪ ಸುಕ್ಕಾಗಿದ್ದರೂ ಗಟ್ಟಿಯಿರುವ ಗಡ್ಡೆಗಳನ್ನು ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಮ್ ನೀರಿನಲ್ಲಿ ಅರ್ಧ ತಾಸು ಅದ್ದಿ, ನೆರಳಲ್ಲಿ ಆರಿಸಿ ನೆಡಿ. ಒತ್ತಿದರೆ ಟೊಳ್ಳೆನಿಸುವುದನ್ನು ಅಲ್ಲೇ ಬೇರ್ಪಡಿಸಿ ಆಳವಾಗಿ ಹೂಳಿಬಿಡಿ.